ಹೊಟ್ಟೆಯ ಜೊತೆ ಮನೆ, ನೌಕರಿಯನ್ನೂ ವಿಚಾರಿಸುವ ಬೆಳಗಾವಿಯ ಕ್ಲಿನಿಕ್

ಟಿಳಕವಾಡಿಯ ಚಿಕ್ಕ ಉದರರೋಗ ಕ್ಲಿನಿಕ್ಕೊಂದರಲ್ಲಿ ಐಬಿಎಸ್ (ಪರೀಕ್ಷೆಗಳಲ್ಲಿ ದೋಷ ಕಾಣದಿದ್ದರೂ ಹೊಟ್ಟೆನೋವು, ಮಲವಿಸರ್ಜನೆಯ ಏರುಪೇರು ತರುವ ಕರುಳಿನ ಬೇನೆ) ರೋಗಿಗಳಿಗೆ ಸಿಗುವ ಆಪ್ತಸಮಾಲೋಚನೆಯನ್ನು ನನ್ನ ತಂಗಿಯ ಚಿಕಿತ್ಸೆಯ ಉದ್ದಕ್ಕೂ ಹತ್ತಿರದಿಂದ ಕಂಡಿದ್ದೇನೆ. ವರದಿಗಳೆಲ್ಲ ನಾರ್ಮಲ್ ಬಂದರೂ ಹೊಟ್ಟೆನೋವು, ಉಬ್ಬರ, ಒಮ್ಮೆ ಭೇದಿ, ಒಮ್ಮೆ ಮಲಬದ್ಧತೆ ಎಂದು ನರಳುತ್ತಿರುವವರು ಇಲ್ಲಿಗೆ ಹೋಗಬೇಕೆಂದು ಮನಃಪೂರ್ವಕವಾಗಿ ಹೇಳುತ್ತೇನೆ.

ಮೊದಲು ವೈದ್ಯರು ಮಲದಲ್ಲಿ ರಕ್ತ, ತೂಕ ಇಳಿಕೆ, ರಕ್ತಹೀನತೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇವೆಯೇ ಎಂದು ವಿಚಾರಿಸಿದರು. ಇವು ಯಾವುವೂ ಇಲ್ಲವೆಂದು ಖಾತ್ರಿಯಾದ ಮೇಲೆ, ಐಬಿಎಸ್ ಗುರುತಿಸಲು ವೈದ್ಯರು ಬಳಸುವ 2016ರ ರೋಮ್ ಮಾನದಂಡದಂತೆ ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಒಂದು ದಿನವಾದರೂ ನೋವು ಬಂದಿದೆಯೇ, ಅದಕ್ಕೂ ಮಲವಿಸರ್ಜನೆಗೂ ನಂಟಿದೆಯೇ ಎಂದು ಕೇಳಿ, ಕ್ಯಾಮೆರಾ ಕೊಳವೆ ಇಳಿಸಿ ಕರುಳು ನೋಡುವ ಅನಗತ್ಯ ಸ್ಕೋಪಿಗೆ ಬರೆಯದೆ ಸಮಾಲೋಚಕಿಯ ಬಳಿ ಕಳುಹಿಸಿದರು.

ಈ ಕ್ಲಿನಿಕ್ಕಿನ ನಿಜವಾದ ಹೆಚ್ಚುಗಾರಿಕೆ ಅಲ್ಲಿಂದ ಶುರುವಾಗುತ್ತದೆ. ಬೇರೆಡೆ "ಏನೂ ಆಗಿಲ್ಲ, ಟೆನ್ಶನ್ ಮಾಡ್ಕೋಬ್ಯಾಡ್ರಿ" ಎಂಬ ಮಾತು ಕೇಳಿ ಕುಗ್ಗಿದ್ದ ತಂಗಿಗೆ ಆಕೆ ಹೇಳಿದ ಮೊದಲ ಮಾತು, "ನಿಮ್ಮ ನೋವು ಖರೇನ ಐತ್ರಿ." ಮಿದುಳು ಮತ್ತು ಕರುಳು ನರಗಳ ಮೂಲಕ ಸದಾ ಸಂಪರ್ಕದಲ್ಲಿರುತ್ತವೆ, ಐಬಿಎಸ್ ಇರುವ ಅನೇಕರ ಕರುಳು ಅತಿಸೂಕ್ಷ್ಮವಾಗಿರುವುದರಿಂದ ಇತರರಿಗೆ ತಿಳಿಯದಷ್ಟು ವಾಯುವೂ ಅವರಿಗೆ ನೋವಾಗುತ್ತದೆ, ಆತಂಕ ಅದನ್ನು ಹೆಚ್ಚಿಸುತ್ತದೆ ಎಂದು ಸಾವಕಾಶವಾಗಿ ತಿಳಿಸಿದರು. ತಂಗಿ ಬೈಲಹೊಂಗಲದ ಕಡೆಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗುವ ಶಿಕ್ಷಕಿ. ದಾರಿಯಲ್ಲಿ ಸಂಡಾಸ ಸಿಗದೆಂಬ ಹೆದರಿಕೆಗೆ ನಾಷ್ಟಾ ಬಿಡುತ್ತಿದ್ದಳು, ಮದುವೆಗಳಿಗೆ ಹೋಗುವುದನ್ನೂ ನಿಲ್ಲಿಸಿದ್ದಳು. ನೋವು, ಊಟ, ನಿದ್ದೆ, ಅಂದಿನ ಚಿಂತೆಗಳನ್ನು ಬರೆದಿಟ್ಟ ದಿನಚರಿಯಲ್ಲಿ ಶಾಲಾ ತಪಾಸಣೆಯ ವಾರ ನೋವು ಹೆಚ್ಚಿದ್ದುದು ಎದ್ದು ಕಂಡಿತು.

ಕೆಲವು ವಾರ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗೋಧಿ ಬಿಟ್ಟು, ಆಮೇಲೆ ಒಂದೊಂದಾಗಿ ಸೇರಿಸಿ ನೋಡಲು ಹೇಳಿದರು. ಜೋಳದ ರೊಟ್ಟಿಗೆ ಅಡ್ಡಿ ಇರಲಿಲ್ಲ. ಕೂಡು ಕುಟುಂಬದಲ್ಲಿ ಸೊಸೆಯೊಬ್ಬಳಿಗಾಗಿ ಬೇರೆ ಅಡುಗೆ ಮಾಡುವುದು ಸುಲಭವಲ್ಲವೆಂದು ಅರಿತು, ಅತ್ತೆಯನ್ನೂ ಗಂಡನನ್ನೂ ಕರೆಸಿ ಮಾತಾಡಿದರು. "ಸೋಗು ಮಾಡ್ತಾಳ" ಎನ್ನುತ್ತಿದ್ದ ಅತ್ತೆಯೇ ಈಗ ಉಳ್ಳಾಗಡ್ಡಿ ಇಲ್ಲದ ಪಲ್ಯ ತೆಗೆದಿಡುತ್ತಾರೆ. ಖಿನ್ನತೆಗೂ ಕೊಡುವ ಅಮಿಟ್ರಿಪ್ಟಿಲಿನ್ ಎಂಬ ಗುಳಿಗೆಯನ್ನು ವೈದ್ಯರು ಕಡಿಮೆ ಪ್ರಮಾಣದಲ್ಲಿ ಬರೆದಾಗ ಹುಚ್ಚಿನ ಗುಳಿಗೆ ಎಂದು ತಂಗಿ ಅಂಜಿದ್ದಳು. ಐಬಿಎಸ್‌ಗೆ ಅದು ನೆರವಾಗುವುದನ್ನು 2023ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೂ ತೋರಿಸಿದೆ ಎಂದು ವಿವರಿಸಿದ ಮೇಲಷ್ಟೇ ಒಪ್ಪಿದಳು. ನೋವು ಪೂರ್ತಿ ಹೋಗಿಲ್ಲ, ಆದರೆ ಶಾಲೆಗೆ ರಜೆ ಹಾಕುವುದು ಬಹಳ ಕಡಿಮೆಯಾಗಿದೆ.

ಕೊರತೆಗಳೂ ಇವೆ. ಸಮಾಲೋಚನೆಯ ಕೋಣೆಗೆ ಬರೀ ಪ್ಲೈವುಡ್ ಗೋಡೆ ಇರುವುದರಿಂದ ಒಳಗಿನ ಮಾತು ಹೊರಗಿನ ಬೆಂಚಿಗೆ ಕೇಳುತ್ತದೆ. ನಾಚಿಕೆಯಿಂದಲೇ ವರ್ಷಗಟ್ಟಲೆ ಮುಚ್ಚಿಡುವ ಈ ಬೇನೆಯ ವಿಷಯದಲ್ಲಿ ಇದನ್ನು ತಕ್ಷಣ ಸರಿಪಡಿಸಬೇಕು. ದಿನಚರಿಯ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇದೆ. ಬೆಳಗಾವಿಯಲ್ಲಿ ಅದು ಕನ್ನಡ, ಮರಾಠಿ ಎರಡರಲ್ಲೂ ಇರಬೇಕಿತ್ತು. ಹೋಗುವವರು ಹಳೆಯ ವರದಿಗಳನ್ನು ಒಯ್ಯಿರಿ, ಸಾಧ್ಯವಾದರೆ ಮನೆಯಲ್ಲಿ ಅಡುಗೆ ಮಾಡುವವರನ್ನೂ ಜೊತೆಗೆ ಕರೆದೊಯ್ಯಿರಿ.