ಕಾರವಾರದ ಉಪ್ಪುಗಾಳಿಯಲ್ಲಿ ಕಾಯಿಲೋವರ್: ಕೆಲವು ಮಳೆಗಾಲ ಕಳೆದ ಮೇಲೆ

ಕಾಯಿಲೋವರ್ ಅಂದರೆ ಶಾಕ್ ಅಬ್ಸಾರ್ಬರ್ ಮತ್ತು ಅದರ ಸುತ್ತಲಿನ ಸ್ಪ್ರಿಂಗ್ ಸೇರಿದ ಜೋಡಣೆ. ಶಾಕ್‌ನ ಬಾಡಿಗೆ ಥ್ರೆಡ್ ಇರುತ್ತದೆ, ಅದರ ಮೇಲಿನ ರಿಂಗ್ ತಿರುಗಿಸಿ ಕಾರಿನ ಎತ್ತರ ಬದಲಿಸಬಹುದು. ಅದನ್ನು ಹಾಕಿಸಿದ ಮೇಲೆ ಕಾರು ಓಡುವುದು ಹೇಗೆ ಅಂದರೆ, ಚೆನ್ನಾಗಿಯೇ ಓಡುತ್ತದೆ. ಅರಬೈಲ್ ಘಟ್ಟದ ತಿರುವುಗಳಲ್ಲಿ ವಾಲುವುದು ಕಡಿಮೆಯಾಗಿದೆ. ಅಂಕೋಲಾ ಕಡೆ ಹೆದ್ದಾರಿ 66ರಲ್ಲಿ ಕುಣಿತವೂ ಇಲ್ಲ. ಶಾಕ್‌ಗಳು ಇನ್ನೂ ಎಣ್ಣೆ ಸೋರಿಲ್ಲ. ಆದರೆ ನಾನು ಈ ಕಿಟ್ ಕೊಂಡಿದ್ದು ಎತ್ತರ ಬದಲಿಸಬಹುದು ಅಂತ. ಮಳೆಗಾಲದ ಹೊಂಡಗಳಿಗೆ ಸ್ವಲ್ಪ ಮೇಲೆ, ಆಮೇಲೆ ಸ್ವಲ್ಪ ಕೆಳಗೆ. ಕಡಲ ದಂಡೆಯಲ್ಲಿ ಮೊದಲು ಕೈಕೊಡುವುದೇ ಅದು.

ಶಾಕ್‌ನ ಬಾಡಿ ಸತು ಲೇಪಿಸಿದ ಉಕ್ಕು, ಅದರ ಮೇಲೆ ತಿರುಗುವ ರಿಂಗ್ ಅಲ್ಯೂಮಿನಿಯಂ. ಸತುವಿನ ಲೇಪ ಹೋದ ಮೇಲೆ ಉಪ್ಪುನೀರು ಸಿಕ್ಕರೆ, ಎರಡು ಬೇರೆ ಬೇರೆ ಲೋಹ ತಾಗಿಕೊಂಡಿರುವುದರಿಂದ ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಲೋಹಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಥ್ರೆಡ್ಡಿನ ಸಂದಿಯೆಲ್ಲ ತುಂಬಿ ರಿಂಗ್ ಕಚ್ಚಿಕೊಳ್ಳುತ್ತದೆ. ಎಲ್ಲಕ್ಕಿಂತ ಕೆಟ್ಟ ಜಾಗ ಶಾಕ್‌ನ ಕೆಳತುದಿಯನ್ನು ಹಿಡಿಯುವ ಬ್ರಾಕೆಟ್. ಚಕ್ರ ಎರಚುವ ಕೆಸರು ನೇರ ಅಲ್ಲಿಗೇ ಬೀಳುತ್ತದೆ, ಒಳಗೆ ಇಳಿದ ನೀರು ಅಲ್ಲೇ ನಿಲ್ಲುತ್ತದೆ.

ಕಚ್ಚಿದ ರಿಂಗ್ ಬಿಡಿಸಲಿಕ್ಕೆ ಗ್ಯಾರೇಜಿನವರು "ಸರ್, ಗ್ಯಾಸ್ ಬೆಂಕಿ ಹಚ್ಚಿದ್ರೆ ಎರಡೇ ನಿಮಿಷ" ಅಂದರು. ನಾನು ಬೇಡ ಅಂದೆ. ಶಾಕ್ ಒಳಗೆ ಎಣ್ಣೆ ಇದೆ, ಒತ್ತಡದಲ್ಲಿರುವ ಗ್ಯಾಸ್ ಇದೆ, ರಬ್ಬರ್ ಸೀಲ್ ಇದೆ. ಬೆಂಕಿ ತೋರಿಸಿದರೆ ರಿಂಗ್ ಬಿಡಬಹುದು, ಶಾಕ್ ಉಳಿಯುತ್ತದೆ ಅನ್ನುವ ನಂಬಿಕೆ ಇಲ್ಲ. ಸಿಡಿದರಂತೂ ಮನುಷ್ಯನೂ ಉಳಿಯಲಿಕ್ಕಿಲ್ಲ.

ನಿಧಾನದ ದಾರಿಯೇ ಕೆಲಸ ಮಾಡಿತು. ಮೊದಲು ಎರಡೂ ಬದಿ ಎಷ್ಟು ಥ್ರೆಡ್ ಕಾಣುತ್ತಿದೆ ಅಂತ ಅಳೆದು ಬರೆದಿಟ್ಟುಕೊಳ್ಳಿ. ಆಮೇಲೆ ಶಾಕ್ ಬಿಚ್ಚಿ ಹೊರಗೆ ತೆಗೆಯಿರಿ. ಸ್ಪ್ರಿಂಗಿನ ಭಾರ ರಿಂಗಿನ ಮೇಲಿದ್ದರೆ ಎಷ್ಟು ತಿಣುಕಿದರೂ ಸುಮ್ನೆ, ಅದಕ್ಕೆ ಸ್ಪ್ರಿಂಗ್ ಅದುಮಿ ಹಿಡಿಯುವ ಕಂಪ್ರೆಸರ್ ಹಾಕಿ ಭಾರ ಇಳಿಸಬೇಕು. ಹಿತ್ತಾಳೆ ಬ್ರಷ್‌ನಿಂದ ಮರಳು ಉಜ್ಜಿ, ಸಿಹಿನೀರಿನಲ್ಲಿ ತೊಳೆದು, ಒಣಗಿಸಿ. ಎಣ್ಣೆಯ ಸರದಿ ಆಮೇಲೆ. ಕೊಳೆಯ ಮೇಲೇ ಎಣ್ಣೆ ಹೊಡೆದರೆ ಮರಳು ಒಳಗೇ ಸೇರುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ರಾತ್ರಿ ಹಾಕಿ ಬಿಟ್ಟು, ಬೆಳಿಗ್ಗೆ ಮತ್ತೆ ಹಾಕಿ. ಅವಸರದ ಕೆಲಸ ಅಲ್ಲ ಇದು.

ಬಿಸಿ ಬೇಕೇ ಬೇಕು ಅಂದರೆ ಬಿಸಿನೀರು ಸಾಕು. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಅಂದರೆ ಹೊರಗಿನ ರಿಂಗ್ ಒಂದು ಕೂದಲೆಳೆಯಷ್ಟು ಸಡಿಲಾಗುತ್ತದೆ. ಆಗ ಹಿತ್ತಾಳೆ ತುಂಡು ಇಟ್ಟು ಸುತ್ತಲೂ ಮೆಲ್ಲಗೆ ತಟ್ಟಿ. ರಿಂಗಿನ ಕಚ್ಚಿಗೆ ಸಿಕ್ಕಿಸುವ ಕೊಕ್ಕೆಯಂಥ ಸಿ ಸ್ಪ್ಯಾನರ್ ಎರಡು ಹಿಡಿಯಿರಿ, ಒಂದು ತಡೆಯಲಿಕ್ಕೆ, ಇನ್ನೊಂದು ತಿರುಗಿಸಲಿಕ್ಕೆ. ಮೊದಲು ಸ್ವಲ್ಪ ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಹಿಂದೆ ಮುಂದೆ ಆಡಿಸುತ್ತಲೇ ಇರಿ. ಉಳಿ ಸುತ್ತಿಗೆಯಲ್ಲಿ ಹೊಡೆದರೆ ರಿಂಗಿನ ಕಚ್ಚು ಮುರಿಯುತ್ತದೆ, ಮತ್ತೆ ಸ್ಪ್ಯಾನರ್ ಹಿಡಿಯುವುದೇ ಇಲ್ಲ.

ನನ್ನದರಲ್ಲಿ ಮೂರು ಬದಿ ಹೀಗೆ ಬಿಟ್ಟವು. ಮುಂದಿನ ಎಡಗಡೆಯದು ಜಪ್ಪಯ್ಯ ಅನ್ನಲಿಲ್ಲ. ತೆಳು ಡಿಸ್ಕಿನಿಂದ ರಿಂಗನ್ನು ಥ್ರೆಡ್ ಮುಟ್ಟುವ ಸ್ವಲ್ಪ ಮೊದಲಿನವರೆಗೆ ಕೊಯ್ದು, ಉಳಿ ಇಟ್ಟು ಸೀಳಬೇಕಾಯಿತು. ರಿಂಗ್ ಅಗ್ಗ, ಬಾಡಿ ದುಬಾರಿ. ಅಲ್ಲಿ ಲೆಕ್ಕ ಸರಳ, ಅಲ್ವಾ?

ಈಗ ಥ್ರೆಡ್ಡಿಗೆ ಆಂಟಿ ಸೀಜ್, ಅಂದರೆ ಲೋಹ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್, ತೆಳ್ಳಗೆ ಹಚ್ಚಿ ಹೆಚ್ಚಾದದ್ದನ್ನು ಒರೆಸುತ್ತೇನೆ. ಅಲ್ಯೂಮಿನಿಯಂ ರಿಂಗಿಗೆ ತಾಮ್ರದ ಪೇಸ್ಟ್ ಬೇಡ, ಅದೂ ಬೇರೆ ಲೋಹವೇ. ಗ್ರೀಸ್ ದಪ್ಪ ಹಚ್ಚಿದರೆ ಮರಳು ಅಂಟುತ್ತದೆ. ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತುವವರಿದ್ದಾರೆ. ನಮ್ಮ ಮಳೆಗೆ ಅದು ಒಳಗೇ ನೀರು ಹಿಡಿದಿಡುತ್ತದೆ, ನನಗೆ ಸರಿ ಬರಲಿಲ್ಲ. ಮಳೆಗಾಲಕ್ಕೆ ಮುಂಚೆ ಮತ್ತು ಮುಗಿದ ಮೇಲೆ ರಿಂಗ್ ಒಂದಿಷ್ಟು ತಿರುಗಿಸಿ ಮತ್ತೆ ಅದೇ ಜಾಗಕ್ಕೆ ತರುತ್ತೇನೆ. ಎತ್ತರ ನಿಜವಾಗಿ ಬದಲಿಸಿದರೆ ಮಾತ್ರ ಅಲೈನ್‌ಮೆಂಟ್ ಖರ್ಚು.

ಶಿರಸಿಯಲ್ಲಿರುವವರು, ಕಡಲಿಗೆ ಅಪರೂಪಕ್ಕೆ ಇಳಿಯುವವರು ಇಂಥ ಕಿಟ್ ಧೈರ್ಯವಾಗಿ ಕೊಳ್ಳಬಹುದು. ಕಾರವಾರ, ಕುಮಟಾ, ಹೊನ್ನಾವರದವರು ಡ್ಯಾಂಪಿಂಗ್ (ಶಾಕ್‌ನ ಬಿಗಿ) ಹೊಂದಿಸುವ ಕ್ಲಿಕ್ ಎಷ್ಟಿದೆ ಅಂತ ಎಣಿಸುವ ಮೊದಲು ಬಾಡಿ, ರಿಂಗ್ ಯಾವುದರದ್ದು ಅಂತ ಕೇಳಿ. ಸ್ಟೇನ್‌ಲೆಸ್ ಬಾಡಿ, ಪ್ಲಾಸ್ಟಿಕ್ ಬಗೆಯ ರಿಂಗ್ ಇರುವ ಕಿಟ್‌ಗಳೂ ಇವೆ, ಬೆಲೆ ಜಾಸ್ತಿ. ನನ್ನ ಹಾಗಿನ ಕಿಟ್ಟನ್ನೇ ಕೊಳ್ಳುವುದಾದರೆ ಆರ್ಡರ್ ಮಾಡುವಾಗಲೇ ಒಂದು ಜೊತೆ ರಿಂಗ್ ಹೆಚ್ಚಿಗೆ ತರಿಸಿ. ನನಗೆ ಆಮೇಲೆ ಬಿಡಿಯಾಗಿ ಹುಡುಕುವಷ್ಟರಲ್ಲಿ ಸಾಕಾಯಿತು, ಅಲ್ಲಿಯವರೆಗೆ ಕಾರು ಜಾಕ್ ಸ್ಟ್ಯಾಂಡ್ ಮೇಲೇ ಇತ್ತು.