ಆರಡಿ ಕ್ಯಾನ್ವಾಸಿಗೆ ಶೆಲ್ಫ್ ಚಾನೆಲ್: ಬಹುಕಾಲ ಬಳಸಿದ ಮೇಲಿನ ವಿಮರ್ಶೆ

ಬಟ್ಟೆ ಅಂಗಡಿಗಳ ಗೋಡೆಯಲ್ಲಿ ಕಾಣುವ ತೂತುಪಟ್ಟಿಯ ಕಬ್ಬಿಣದ ಚಾನೆಲ್, ಅದಕ್ಕೆ ಸಿಕ್ಕಿಸುವ ಬ್ರಾಕೆಟ್. ಮನೆಯಲ್ಲೇ 5×6 ಅಡಿಯ ಚಿತ್ರ ಬರೆಯುವವರಿಗೆ ಕ್ಯಾನ್ವಾಸ್ ನಿಲ್ಲಿಸುವ ಎಚ್ ಆಕಾರದ ದುಬಾರಿ ಸ್ಟ್ಯಾಂಡ್, ಅಂದರೆ ಎಚ್-ಫ್ರೇಮ್ ಈಸಲ್‌ಗಿಂತ ಇದೇ ವಾಸಿ. ಈಸಲ್‌ನ ಕಾಲುಗಳು ಎರಡಡಿ ಜಾಗ ತಿನ್ನುತ್ತವೆ. 10×12 ಅಡಿಯ ಕೋಣೆಯಲ್ಲಿ ಹಿಂದೆ ಸರಿದು ಚಿತ್ರ ನೋಡಲು ಬೇಕಾದದ್ದು ಆ ಎರಡಡಿಯೇ. ಚಾನೆಲನ್ನು 10 ಅಡಿಯ ಗೋಡೆಗೆ ಹಾಕಿ, 12 ಅಡಿಯ ಉದ್ದ ಎದುರಿಗೆ ಸಿಗುತ್ತದೆ.

ಆರಡಿಯ ಎರಡು ಚಾನೆಲ್, ನಡುವೆ ಮೂರೂವರೆ ಅಡಿ ಅಂತರ, ನೆಲದಿಂದ ಒಂದಡಿ ಮೇಲೆ. ಎರಡು ಬ್ರಾಕೆಟ್ ಮೇಲೆ 2×1 ಇಂಚಿನ ರೀಪು, ಕ್ಯಾನ್ವಾಸ್ ಜಾರದಂತೆ ಅದರ ಮುಂದಿನ ಅಂಚಿಗೆ ಅರ್ಧ ಇಂಚಿನ ತಡೆಪಟ್ಟಿ. ಕ್ಯಾನ್ವಾಸಿನ ಮೇಲ್ತುದಿಯ ಹಿಂದೆ ಎರಡಿಂಚಿನ ಮರದ ತುಂಡಿಟ್ಟು ಚಿತ್ರವನ್ನು ಸ್ವಲ್ಪ ಮುಂದಕ್ಕೆ ಬಾಗಿಸಬೇಕು. ಹಾಗೆ ಮಾಡಿದರೆ ಎಣ್ಣೆಬಣ್ಣದ ಹೊಳಪು ಕಣ್ಣಿಗೆ ಹೊಡೆಯುವುದಿಲ್ಲ, ಹಸಿ ಬಣ್ಣದ ಮೇಲೆ ಧೂಳೂ ಕಡಿಮೆ. ಕ್ಯಾನ್ವಾಸ್ ಬಿಗಿದ ಮರದ ಚೌಕಟ್ಟಿನ (ಸ್ಟ್ರೆಚರ್) ಹಿಂಬದಿಗೆ ಕೊಂಡಿ ತಿರುಗಿಸಿ ನೈಲಾನ್ ಹಗ್ಗದಿಂದ ಚಾನೆಲ್ ತೂತಿಗೆ ಬಿಗಿಯಾಗಿ ಕಟ್ಟುವುದನ್ನು ಮಾತ್ರ ಬಿಡಬೇಡಿ. ಕಟ್ಟದಿದ್ದರೆ ಬಿದ್ದೇ ಬೀಳುತ್ತದೆ.

ಎಲ್ಲವೂ ನಿಂತಿರುವುದು ಗೋಡೆಯ ಮೇಲೆ. ಇಟ್ಟಿಗೆ ಗೋಡೆಯಾದರೆ 8 ಎಂಎಂ ಪ್ಲಗ್, ಎರಡಿಂಚಿನ ಸ್ಕ್ರೂ, ಚಾನೆಲ್ಲಿಗೆ ಐದರಂತೆ. ಪ್ಲಗ್ ಗಾರೆ ದಾಟಿ ಇಟ್ಟಿಗೆಯೊಳಗೆ ಕೂರಬೇಕು. ಮೈಸೂರಿನ ಅಗ್ರಹಾರ, ಚಾಮುಂಡಿಪುರಂ ಕಡೆಯ ಹಳೇ ಮನೆಗಳ ಸುಣ್ಣದ ಗಾರೆಯಲ್ಲಿ ಪ್ಲಗ್ ಗಿರಗಿರನೆ ತಿರುಗಿ ಪುಡಿ ಉದುರಿಸುತ್ತದೆ. ಅಂಥಲ್ಲಿ 2×3 ಇಂಚಿನ ಎರಡು ಮರದ ಕಂಬಗಳನ್ನು ನೆಲಕ್ಕೇ ಊರಿಸಿ ನಿಲ್ಲಿಸಿ, ಚಾನೆಲನ್ನು ಅವಕ್ಕೆ ಬಿಗಿಯಿರಿ. ಭಾರ ನೆಲಕ್ಕೆ ಹೋಗುತ್ತದೆ, ಗೋಡೆ ಬರೀ ಹಿಡಿದುಕೊಳ್ಳುತ್ತದೆ. ಮಳೆ ಹೊಡೆಯುವ ಹೊರಗೋಡೆ ಬೇಡವೇ ಬೇಡ. ಮೈಸೂರಿನಲ್ಲಿ ಮೇ ತಿಂಗಳ ಮಳೆ ಒಂದು ಕಡೆ, ಅಕ್ಟೋಬರಿನ ಮಳೆ ಇನ್ನೊಂದು ಕಡೆ. ತೇವದ ಗೋಡೆಗೆ ಅಂಟಿದ ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಬರುತ್ತದೆ. ಚಾನೆಲ್ ಕೊಡುವ ಸಂದು ಇಲ್ಲಿ ದೊಡ್ಡ ಉಪಕಾರ, ಗಾಳಿ ಆಡುತ್ತದೆ.

ಕೊರತೆಗಳೂ ಇವೆ. ಎತ್ತರ ಬದಲಿಸುವುದು ತೂತಿನಿಂದ ತೂತಿಗೆ ಮಾತ್ರ, ಈಸಲ್‌ನ ಹಿಡಿಕೆ ತಿರುಗಿಸಿದಷ್ಟು ನಯವಾಗಿ ಆಗದು. ದೊಡ್ಡ ಕ್ಯಾನ್ವಾಸ್ ಎತ್ತಲು ಇಬ್ಬರು ಬೇಕು. ಚಪ್ಪಟೆ ಅಲಗಿನ ಪ್ಯಾಲೆಟ್ ನೈಫ್‌ನಿಂದ ಒತ್ತಿ ಕೆರೆದರೆ ಬ್ರಾಕೆಟ್ ತೂತಿನಲ್ಲಿ ಅಲುಗುತ್ತದೆ, ಹಳೇ ಸೈಕಲ್ ಟ್ಯೂಬಿನ ಚೂರು ಸಿಕ್ಕಿಸಿದರೆ ನಿಲ್ಲುತ್ತದೆ. ನಾಲ್ಕಡಿ ಮೀರಿದ ಸ್ಟ್ರೆಚರ್‌ಗೆ ನಡುವೆ ಅಡ್ಡಪಟ್ಟಿ ಇರಲೇಬೇಕು. ಇಲ್ಲದಿದ್ದರೆ ಬಿಗಿದ ಬಟ್ಟೆ ಚೌಕಟ್ಟನ್ನೇ ಒಳಕ್ಕೆಳೆಯುತ್ತದೆ, ಆ ತಪ್ಪನ್ನು ಯಾವ ಚಾನೆಲ್ಲೂ ಸರಿಮಾಡದು.

ಬೆಳಕಿಗೆ ನಾಲ್ಕಡಿಯ ಎರಡು ಎಲ್‌ಇಡಿ ಬ್ಯಾಟನ್, ಬೆಳಕಿನ ಬಣ್ಣದ ಅಳತೆ 5000 ಕೆ (ಕೆಲ್ವಿನ್), ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆಯಾದ ಸಿಆರ್‌ಐ 90ಕ್ಕೆ ಮೇಲೆ, ಎಡಬಲದಿಂದ 45 ಡಿಗ್ರಿಯಲ್ಲಿ. ಮಾಮೂಲಿ 6500 ಕೆ ಬ್ಯಾಟನ್ ಬೆಳಕಿನಲ್ಲಿ ಬೆರೆಸಿದ ಬಣ್ಣ ಮನೆಯ ಹಳದಿ ದೀಪದಡಿ ಬೇರೆಯೇ ಕಾಣುತ್ತದೆ.

ಕೊಳ್ಳುವಾಗ ಅಂಗಡಿಯಲ್ಲೇ ಎರಡೂ ಚಾನೆಲ್ ಪಕ್ಕಪಕ್ಕ ಹಿಡಿದು ತೂತುಗಳು ಒಂದೇ ಮಟ್ಟಕ್ಕಿವೆಯೇ ನೋಡಿ, ಬ್ರಾಕೆಟ್ ಸಿಕ್ಕಿಸಿ ಕೆಳಕ್ಕೆ ಒತ್ತಿ. ತೆಳು ತಗಡಿನದಾದರೆ ಆಗಲೇ ಬಾಗುತ್ತದೆ.