ತೌಲನಿಕ ವಿಧಾನ: ಸಾಗರ, ಸಿದ್ದಾಪುರದ ನಡುವೆ ಬಹಳ ಕಾಲ ಬಳಸಿ ನೋಡಿದ ಮೇಲೆ

ತೌಲನಿಕ ವಿಧಾನ ಅಂದರೆ ಕೆಲವೇ ಊರು, ರಾಜ್ಯ ಅಥವಾ ದೇಶಗಳನ್ನು ಅಕ್ಕಪಕ್ಕ ಇಟ್ಟು, ಒಂದು ಕಡೆ ಆದದ್ದು ಇನ್ನೊಂದು ಕಡೆ ಯಾಕೆ ಆಗಲಿಲ್ಲ ಅಂತ ಕಾರಣ ಹುಡುಕುವುದು. ರಾಜ್ಯಶಾಸ್ತ್ರ ಓದಿದವರಿಗೆ ಈ ವಿಧಾನದ ಹುಟ್ಟು, ಬೆಳವಣಿಗೆ ಎಲ್ಲ ಗೊತ್ತೇ ಇರುತ್ತದೆ. ಅರಿಸ್ಟಾಟಲ್ 158 ಸಂವಿಧಾನಗಳನ್ನು ಕೂಡಿಸಿದ್ದು, ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1843ರ ಪುಸ್ತಕದಲ್ಲಿ ಸಾಮ್ಯದ ವಿಧಾನ, ವ್ಯತ್ಯಾಸದ ವಿಧಾನ ಅಂತ ಬರೆದಿದ್ದು ಪರೀಕ್ಷೆಗೆ ಬಾಯಿಪಾಠ ಮಾಡಿದ ವಿಷಯ. ಅದನ್ನು ಬಿಟ್ಟುಬಿಡುತ್ತೇನೆ. ದಿನಾ ಕೈಯಲ್ಲಿ ಹಿಡಿದು ಬಳಸಿದವಳಾಗಿ ನನಗೆ ಇದರ ಮೇಲೆ ಒಂದು ದೂರಿದೆ, ಅದಕ್ಕೇ ಬರೆಯುತ್ತಿದ್ದೇನೆ. ಎರಡು ಊರುಗಳ ನಡುವೆ ಗಟ್ಟಿ ಬೇಲಿ ಇದೆ ಅಂತ ನಂಬಿಕೊಂಡೇ ಈ ವಿಧಾನ ಕೆಲಸ ಶುರು ಮಾಡುತ್ತದೆ. ನಮ್ಮ ಮಲೆನಾಡಿನಲ್ಲಿ ಆ ಬೇಲಿ ಇಲ್ಲ.

ಮೊದಲು ಯಾಕೆ ಇದನ್ನೇ ಆರಿಸಿಕೊಂಡೆ ಅಂತ ಹೇಳಬೇಕು. ನಾನು ಅತಿಥಿ ಉಪನ್ಯಾಸಕಿ. ಗೌರವಧನ ವರ್ಷದ ಹನ್ನೆರಡೂ ತಿಂಗಳು ಬರುವುದಿಲ್ಲ. ಸಮೀಕ್ಷೆ ಮಾಡೋಣ ಅಂದರೆ ಪ್ರಶ್ನಾವಳಿ ಅಚ್ಚು ಹಾಕಿಸಬೇಕು, ಮನೆ ಮನೆಗೆ ಹೋಗುವ ಹುಡುಗರಿಗೆ ದಿನಗೂಲಿ ಕೊಡಬೇಕು, ಆಮೇಲೆ ಲೆಕ್ಕ ಹಾಕುವ ಸಾಫ್ಟ್‌ವೇರ್ ಬೇಕು. ಹೋಲಿಕೆಗೆ ಇದ್ಯಾವುದೂ ಬೇಡ. ಬಸ್ ಚಾರ್ಜು, ಒಂದು ಉದ್ದ ನೋಟ್‌ಬುಕ್ಕು, ತಾಲೂಕು ಕಚೇರಿಯಲ್ಲಿ ಹಳೆ ಕಾಗದ ತೋರಿಸುವ ಒಬ್ಬ ಒಳ್ಳೆಯ ಗುಮಾಸ್ತರು ಸಿಕ್ಕಿದರೆ ಸಾಕು. ರಾಜ್ಯಶಾಸ್ತ್ರಜ್ಞ ಲೈಪಾರ್ಟ್ 1971ರ ಲೇಖನದಲ್ಲಿ ಇದೇ ಮಾತು ಹೇಳುತ್ತಾರೆ: ಸಮಯ, ದುಡ್ಡು, ಶಕ್ತಿ ಕಡಿಮೆ ಇರುವಾಗ ನೂರಾರು ಪ್ರಕರಣಗಳನ್ನು ಮೇಲೆ ಮೇಲೆ ನೋಡುವುದಕ್ಕಿಂತ ಕೆಲವನ್ನೇ ಆಳವಾಗಿ ಹೋಲಿಸುವುದು ಮೇಲು. ನನ್ನಂಥವರಿಗೆ ಆ ಮಾತು ಎಷ್ಟು ಧೈರ್ಯ ಕೊಟ್ಟಿತು ಅಂತ ಹೇಳಲಾರೆ.

ಇನ್ನು ಈ ವಿಧಾನಕ್ಕೆ ನಮ್ಮ ಜಾಗದಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. 1956ರ ನವೆಂಬರ್ 1ಕ್ಕೆ ಮುಂಚೆ ಇಲ್ಲಿ ಮೂರು ಆಡಳಿತಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಸಾಗರ ಮೈಸೂರಿನದು. ತಾಳಗುಪ್ಪ ದಾಟಿ ಹೋದರೆ ಸಿದ್ದಾಪುರ, ಅದು ಉತ್ತರ ಕನ್ನಡ. 1862ರಲ್ಲಿ ಮದ್ರಾಸಿನಿಂದ ಬೊಂಬಾಯಿಗೆ ಸೇರಿದ ಜಿಲ್ಲೆ. ಘಟ್ಟ ಇಳಿದರೆ ಕುಂದಾಪುರ, ಅದು ಮದ್ರಾಸಿನಲ್ಲೇ ಉಳಿದಿತ್ತು. ಸಾಗರದಲ್ಲೂ ಸಿದ್ದಾಪುರದಲ್ಲೂ ಮಳೆ ಅದೇ, ಅಡಿಕೆ ತೋಟ ಅದೇ, ಗದ್ದೆ ಅದೇ. ಗೇಣಿಗೆ ಉಳುತ್ತಿದ್ದವರಲ್ಲಿ ಎರಡೂ ಕಡೆ ದೀವರ ಸಮುದಾಯದವರು ಜಾಸ್ತಿ. ಬೇರೆ ಇದ್ದದ್ದು ಸರ್ಕಾರ ಮಾತ್ರ. ಪ್ರೆಜ್‌ವೊರ್‌ಸ್ಕಿ ಮತ್ತು ಟ್ಯೂನ್ 1970ರಲ್ಲಿ ಹೇಳಿದ 'ಅತಿ ಹೆಚ್ಚು ಹೋಲುವ ವ್ಯವಸ್ಥೆ'ಗಳ ಹೋಲಿಕೆ ಅಂದರೆ ಇದೇ ಅಲ್ವಾ? ಎಲ್ಲ ಒಂದೇ ಥರ ಇದ್ದು ಒಂದು ವಿಷಯ ಬೇರೆ ಇದ್ದರೆ, ಫಲ ಬೇರೆಯಾಗಲು ಆ ಒಂದೇ ಕಾರಣ ಇರಬಹುದು ಅಂತ ಹುಡುಕುವುದು.

ನನ್ನ ಪ್ರಶ್ನೆ ಸರಳ. 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಒಡೆಯರ ವಿರುದ್ಧ ಹೂಡಿದ ಕಾಗೋಡು ಸತ್ಯಾಗ್ರಹ ಸಾಗರ ತಾಲೂಕಿನಲ್ಲೇ ಯಾಕೆ ಎದ್ದಿತು? ಪಕ್ಕದ ಸಿದ್ದಾಪುರದಲ್ಲಿ ಆ ವರ್ಷ ಅಂಥದ್ದು ಯಾಕೆ ಏಳಲಿಲ್ಲ?

ಇಲ್ಲಿಂದ ಮುಂದಿನದು ನನಗೆ ತುಂಬ ಇಷ್ಟದ ಕೆಲಸ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹಳೆ ಕ್ಯಾಲೆಂಡರ್ ಹಾಳೆಯನ್ನು ಹಿಂದುಮುಂದಾಗಿ ಹರಡುತ್ತೇನೆ. ದೊಡ್ಡ ಹಾಳೆ, ನುಣುಪಾದ ಬೆನ್ನು, ಮೂಲೆಗೆ ಎರಡು ಅಡಿಕೆ ಇಟ್ಟರೆ ಸುರುಳಿ ಸುತ್ತಿಕೊಳ್ಳುವುದಿಲ್ಲ. ಅಡ್ಡ ಸಾಲಿಗೆ ಊರುಗಳು, ಉದ್ದ ಸಾಲಿಗೆ ಪ್ರಶ್ನೆಗಳು. ಕಾಗದ ನೋಡಿ ಖಚಿತವಾದದ್ದನ್ನು ಪೆನ್ನಿನಲ್ಲಿ ಬರೆಯುತ್ತೇನೆ, ಯಾರೋ ಹೇಳಿದ್ದನ್ನು ಪೆನ್ಸಿಲ್‌ನಲ್ಲಿ, ಏನೂ ಗೊತ್ತಿಲ್ಲದ ಮನೆಯಲ್ಲಿ ಒಂದು ಚುಕ್ಕಿ. ಪೆನ್ಸಿಲ್ ಅಳಿಸಿ ಪೆನ್ನಿನಲ್ಲಿ ಬರೆಯುವ ರಾತ್ರಿ ಇದೆಯಲ್ಲ, ಆ ಖುಷಿಗೇ ಈ ವಿಧಾನವನ್ನು ಕೊಳ್ಳಬಹುದು. ಚುಕ್ಕಿಗಳನ್ನು ನೋಡಿದರೆ ಮುಂದಿನ ವಾರ ಯಾವ ಬಸ್ ಹತ್ತಬೇಕು ಅಂತ ತಾನಾಗೇ ಗೊತ್ತಾಗುತ್ತದೆ. ಒಂದೇ ಊರಿನ ಚರಿತ್ರೆ ಬರೆಯುವಾಗ ನಮಗೆ ಏನು ಗೊತ್ತಿಲ್ಲ ಅನ್ನುವುದು ಕಣ್ಣಿಗೇ ಬೀಳುವುದಿಲ್ಲ. ಪಕ್ಕದ ಸಾಲು ತುಂಬಿದಾಗ ಈ ಸಾಲಿನ ಖಾಲಿ ಜಾಗ ಕಾಣುತ್ತದೆ.

ಉತ್ತರವೂ ಚೆಂದಕ್ಕೆ ಸಿಕ್ಕಿತು. ಬೊಂಬಾಯಿ ಪ್ರಾಂತ್ಯದಲ್ಲಿ ಗೇಣಿದಾರರ ರಕ್ಷಣೆಗೆ 1948ರಲ್ಲೇ ಕಾನೂನು ಬಂದಿತ್ತು. ಅದಕ್ಕೂ ಮುಂಚೆ ದಿನಕರ ದೇಸಾಯರು ಅಂಕೋಲಾ ಕಡೆ ರೈತರನ್ನು ಕಟ್ಟಿದ್ದರು. ಮೈಸೂರಿನಲ್ಲಿ ಗೇಣಿ ಕಾಯ್ದೆ ಬಂದದ್ದು 1952ರಲ್ಲಿ, ಅಂದರೆ ಕಾಗೋಡು ಆದ ಮೇಲೆ. ಹೀಗೆ ನೋಡಿದರೆ ಕಾನೂನು ಇದ್ದ ಕಡೆ ಸತ್ಯಾಗ್ರಹ ಇಲ್ಲ, ಇಲ್ಲದ ಕಡೆ ಇದೆ. ಹಾಳೆಯ ಮೇಲೆ ಇದು ಎಷ್ಟು ಸರಿಯಾಗಿ ಕೂತಿತು ಅಂದರೆ ಪ್ರಬಂಧದ ಅಧ್ಯಾಯ ಅಲ್ಲಿಗೇ ಮುಗಿಸಬಹುದಿತ್ತು.

ನನ್ನ ಸಿಟ್ಟು ಶುರುವಾಗುವುದು ಇಲ್ಲೇ. ನನ್ನ ಅಮ್ಮನ ತವರು ಸಿದ್ದಾಪುರದ ಕಡೆ. ಅಲ್ಲಿ ಒಬ್ಬ ಹಿರಿಯರ ಹತ್ತಿರ ಹಳೆ ಗೇಣಿ ವಿಷಯ ಮಾತಾಡುತ್ತಾ ಕೂತಿದ್ದಾಗ ಅವರು ಹೇಳಿದರು: "ತಂಗೀ, ಸಾಗರದವರು ನಮ್ಮ ನೆಂಟರೇ ಅಲ್ವನೆ? ಇಲ್ಲಿ ಏನಾಯ್ತು ಅಂತ ಮದುವೆ ಮನೆ ಊಟಕ್ಕೆ ಕೂತಾಗಲೇ ಅವರಿಗೆ ಗೊತ್ತಾಗ್ತಿತ್ತು." ಅಷ್ಟೇ ಮಾತು. ಹಾಳೆಯ ಎರಡು ಸಾಲುಗಳ ನಡುವಿನ ಗೆರೆ ಅಲ್ಲಿಗೆ ಹೋಯಿತು. ಗಡಿಯ ಆಚೆ ಕಾನೂನು ಬಂದಿದೆ, ನಮಗಿಲ್ಲ ಅನ್ನುವ ಸುದ್ದಿಯೇ ಈಚೆಯ ಜನರನ್ನು ಎಬ್ಬಿಸಿದ್ದರೆ? ಆಗ ಸಾಗರವೂ ಸಿದ್ದಾಪುರವೂ ಬೇರೆ ಬೇರೆ ಪ್ರಕರಣಗಳೇ ಅಲ್ಲ. ಒಂದರ ಕಾನೂನು ಇನ್ನೊಂದರ ಚಳವಳಿಗೆ ಕಾರಣ. ಕಾನೂನಿಲ್ಲದ್ದಕ್ಕೆ ಎದ್ದರು ಅನ್ನುವುದೂ, ಪಕ್ಕದಲ್ಲಿ ಕಾನೂನು ಇದ್ದದ್ದಕ್ಕೆ ಎದ್ದರು ಅನ್ನುವುದೂ ಒಂದೇ ಅಲ್ಲ. ನನ್ನ ಚೆಂದದ ಹಾಳೆ ಈ ಎರಡನ್ನು ಬೇರೆ ಮಾಡಿ ತೋರಿಸುವುದೇ ಇಲ್ಲ.

ಈ ತೊಂದರೆ ಹೊಸದೇನಲ್ಲ. ಟೈಲರ್ ಅನ್ನುವ ಮಾನವಶಾಸ್ತ್ರಜ್ಞ ಮುನ್ನೂರಕ್ಕೂ ಹೆಚ್ಚು ಜನಾಂಗಗಳ ಮದುವೆ ಪದ್ಧತಿ ಹೋಲಿಸಿ ಪ್ರಬಂಧ ಓದಿದಾಗ, ಸಭೆಯಲ್ಲಿದ್ದ ಗಾಲ್ಟನ್ ಇದೇ ಪ್ರಶ್ನೆ ಎತ್ತಿದರು: ಇವರು ಒಬ್ಬರಿಂದೊಬ್ಬರು ಕಲಿತಿದ್ದರೆ, ಇವನ್ನು ಬೇರೆ ಬೇರೆ ಉದಾಹರಣೆ ಅಂತ ಎಣಿಸುವುದು ಹೇಗೆ? ಆ ಪ್ರಬಂಧ 1889ರಲ್ಲಿ ಅಚ್ಚಾಯಿತು. ಇಷ್ಟು ಹಳೆಯ ದೋಷ, ಆದರೂ ನಮ್ಮ ತರಗತಿಯಲ್ಲಿ ಅದಕ್ಕೆ ಒಂದು ಪ್ಯಾರಾ ಸಿಗುವುದೂ ಕಷ್ಟ. ಸ್ಕಾಚ್‌ಪೋಲ್ 1979ರಲ್ಲಿ ಫ್ರಾನ್ಸ್, ರಷ್ಯಾ, ಚೀನಾಗಳ ಕ್ರಾಂತಿಗಳನ್ನು ಹೋಲಿಸಿದ್ದನ್ನು ಎಲ್ಲರೂ ಮೆಚ್ಚಿ ಪಾಠ ಮಾಡುತ್ತೇವೆ, ನಾನೂ ಮಾಡುತ್ತೇನೆ. ಆದರೆ 1921ರಲ್ಲಿ ಚೀನಾದ ಕಮ್ಯುನಿಸ್ಟ್ ಪಕ್ಷ ಹುಟ್ಟಿದ್ದೇ ಮಾಸ್ಕೋದ ಕಾಮಿಂಟರ್ನ್, ಅಂದರೆ ಅಂತರರಾಷ್ಟ್ರೀಯ ಕಮ್ಯುನಿಸ್ಟ್ ಸಂಘಟನೆಯ ಸಹಾಯದಿಂದ. ಮೂರನೆಯ ಪ್ರಕರಣ ಎರಡನೆಯದನ್ನು ನೋಡಿ ಕಲಿತಿತ್ತು. ಮಿಲ್ ಕೂಡ ತಮ್ಮ ವಿಧಾನಗಳು ಸಮಾಜದ ಅಧ್ಯಯನಕ್ಕೆ ಸಲೀಸಾಗಿ ಹೊಂದುವುದಿಲ್ಲ ಅಂತ 1843ರ ಆ ಪುಸ್ತಕದಲ್ಲೇ ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಬಿಟ್ಟು ವಿಧಾನವನ್ನು ಮಾತ್ರ ಕಲಿಸುತ್ತಾ ಬಂದಿದ್ದೇವೆ.

ಅಳತೆಯ ವಿಷಯದಲ್ಲೂ ಎಚ್ಚರ ಬೇಕು. ಕಾಗೋಡಿನ ಜಗಳದಲ್ಲಿ ಮುಖ್ಯವಾದದ್ದೇ ಭತ್ತ ಅಳೆಯುವ ಕೊಳಗ. ಸರ್ಕಾರ ಗೊತ್ತು ಮಾಡಿದ ಕೊಳಗಕ್ಕಿಂತ ದೊಡ್ಡ ಕೊಳಗದಲ್ಲಿ ಒಡೆಯರು ಭತ್ತ ಅಳೆದುಕೊಳ್ಳುತ್ತಿದ್ದರು. ಸಾರ್ತೋರಿ 1970ರಲ್ಲಿ ಹೇಳಿದ್ದೂ ಇದನ್ನೇ: ಪರಿಕಲ್ಪನೆಯನ್ನು ಎಳೆದು ಎಳೆದು ದೊಡ್ಡದು ಮಾಡಿದರೆ ಅದು ಏನನ್ನೂ ಸರಿಯಾಗಿ ಅಳೆಯುವುದಿಲ್ಲ. ನಾನು 'ಗೇಣಿದಾರ' ಅಂತ ಒಂದೇ ಸಾಲು ಹಾಕಿದರೆ ಕುಂದಾಪುರದ ಮೂಲಗೇಣಿಯವರೂ ಚಾಲಗೇಣಿಯವರೂ ಅದರಲ್ಲೇ ಬಂದುಬಿಡುತ್ತಾರೆ. ಒಬ್ಬರಿಗೆ ತಲೆಮಾರುಗಳಿಗೂ ಹಕ್ಕಿತ್ತು. ಇನ್ನೊಬ್ಬರನ್ನು ಒಡೆಯ ಬೇಕೆಂದಾಗ ಬಿಡಿಸಬಹುದಿತ್ತು. ಇದಕ್ಕೆ ಪರಿಹಾರ ಸುಲಭ, ಸಾಲು ಒಡೆದರಾಯಿತು.

ಸುದ್ದಿ ಹರಿಯುವುದಕ್ಕೆ ಮಾತ್ರ ಅಷ್ಟು ಸುಲಭದ ಪರಿಹಾರ ಇಲ್ಲ. ಆದರೂ ನಾನು ಇದನ್ನು ಬಿಟ್ಟಿಲ್ಲ, ಯಾಕೆ ಅಂತಲೂ ಹೇಳಬೇಕು. ಆ ಹಿರಿಯರ ಮಾತು ನನಗೆ ಅಷ್ಟು ಮುಖ್ಯ ಅನ್ನಿಸಿದ್ದೇ ಹಾಳೆ ಇದ್ದದ್ದರಿಂದ. ಹೋಲಿಸದೇ ಇದ್ದಿದ್ದರೆ ಅದು ಸುಮ್ನೆ ನೆಂಟಸ್ತಿಕೆಯ ಮಾತಾಗಿ ಕಿವಿಯ ಮೇಲೆ ಹಾದುಹೋಗುತ್ತಿತ್ತು. ಈಗ ನನ್ನ ಹಾಳೆಯಲ್ಲಿ ಇನ್ನೊಂದು ಉದ್ದ ಸಾಲಿದೆ: 'ಸುದ್ದಿ ಎಲ್ಲಿಂದ, ಯಾರ ಮೂಲಕ ಬಂತು?' ಅದು ತುಂಬುತ್ತಾ ಹೋದಂತೆ ಕಾಗೋಡು ಬೇರೆಯೇ ಕಾಣುತ್ತಿದೆ. ಗಣಪತಿಯಪ್ಪನವರು ಕಟ್ಟಿದ ರೈತಸಂಘ, ಗೋಪಾಲಗೌಡರ ಸಮಾಜವಾದಿ ಪಕ್ಷ, 1951ರ ಜೂನ್‌ನಲ್ಲಿ ಇಲ್ಲಿಗೆ ಬಂದು ಬಂಧನಕ್ಕೊಳಗಾದ ಸಮಾಜವಾದಿ ನಾಯಕ ಲೋಹಿಯಾ. ಇವರು ಯಾರೂ ಒಂದು ತಾಲೂಕಿನ ಮನೆಯೊಳಗೆ ಕೂರುವವರಲ್ಲ. ಅತುಲ್ ಕೊಹ್ಲಿ 1987ರಲ್ಲಿ ಪಶ್ಚಿಮ ಬಂಗಾಳ, ಕರ್ನಾಟಕ, ಉತ್ತರ ಪ್ರದೇಶಗಳನ್ನು ಹೋಲಿಸಿ, ಬಡವರ ಪರ ಸುಧಾರಣೆಗೆ ಶಿಸ್ತಿನ ಪಕ್ಷ ಸಂಘಟನೆ ಮುಖ್ಯ ಅಂತ ತೋರಿಸಿದರು. ಅಲ್ಲಿ ದೇವರಾಜ ಅರಸು ಕಾಲದ ಕರ್ನಾಟಕ ನಡುವೆ ನಿಲ್ಲುತ್ತದೆ. ಒಪ್ಪುತ್ತೇನೆ. ಆದರೆ ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂದಾಗ ಮಲೆನಾಡು, ಕರಾವಳಿಯ ಗೇಣಿದಾರರು ಡಿಕ್ಲರೇಷನ್ (ಭೂಮಿಯ ಹಕ್ಕಿಗೆ ಹಾಕುವ ಅರ್ಜಿ) ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ನಿಂತರಲ್ಲ, ಆ ತಯಾರಿಯ ಬೇರು ರಾಜ್ಯವನ್ನು ಒಂದೇ ಘಟಕ ಮಾಡಿದರೆ ಕಾಣುವುದಿಲ್ಲ. ತಾಲೂಕು ಮಟ್ಟಕ್ಕೆ ಇಳಿದು ಹೋಲಿಸಿದರೆ ಕಾಣುತ್ತದೆ.

ಯಾರಿಗೆ ಹೊಂದುತ್ತದೆ? ದುಡ್ಡು ಕಡಿಮೆ, ಬಸ್ಸಿನಲ್ಲಿ ಕೂರುವ ತಾಳ್ಮೆ ಜಾಸ್ತಿ ಇರುವವರಿಗೆ. ಎರಡು ದೇಶಗಳ ಸಂವಿಧಾನವನ್ನು ಅಕ್ಕಪಕ್ಕ ವರ್ಣಿಸಿ ಅದನ್ನೇ ಹೋಲಿಕೆ ಅನ್ನುವವರು ದಯವಿಟ್ಟು ಬೇರೆ ಏನಾದರೂ ನೋಡಿ, ಪ್ರಶ್ನೆ ಇಲ್ಲದೆ ಇದು ಕೆಲಸ ಮಾಡುವುದಿಲ್ಲ. ಐದರಲ್ಲಿ ಮೂರೂವರೆ ನಕ್ಷತ್ರ ಕೊಡುತ್ತೇನೆ. ಹಾಳೆಗೆ ಸುದ್ದಿಯ ಸಾಲನ್ನು ಮೊದಲ ದಿನವೇ ಸೇರಿಸಿಕೊಂಡರೆ ನಾಲ್ಕು. ಮಳೆಗಾಲ ಮುಗಿದ ಮೇಲೆ ಘಟ್ಟ ಇಳಿದು ಕುಂದಾಪುರದ ಸಾಲು ತುಂಬಬೇಕು, ಅಲ್ಲಿ ಚುಕ್ಕಿಗಳು ಇನ್ನೂ ಬಹಳ ಇವೆ.